ಸೀಟಿ ಇಲ್ಲದ ಬಸ್ಸು

"ಯಾರೂ ಅಪ್‌ಡೇಟ್ ಒತ್ತಬ್ಯಾಡ್ರಿ ಅಂತ ಗ್ರೂಪಿಗೆ ಎರಡು ಸಲ ಹಾಕಿದ್ದೆ. ನೀನ್ಯಾಕ್ ಒತ್ತಿದೆ ದೊಡ್ಡಪ್ಪ?"

ಹೊಸದುರ್ಗದ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಜಯಶೀಲಾ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕೇಳಿದಳು. ಅವಳ ದೊಡ್ಡಪ್ಪ ರಂಗಪ್ಪ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತಂದವನಂತೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದ. ಹೊಳಲ್ಕೆರೆ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸಿ, ವಯಸ್ಸಾದ ಮೇಲೆ ಮನೆ ಸೇರಿದವನು ಅವನು. ಆರ್‌ಟಿಓದಿಂದ ಬಂದ ಯಾವ ಸೂಚನೆಯನ್ನೂ ಮರುದಿನಕ್ಕೆ ಉಳಿಸಿದವನಲ್ಲ.

"ಕಂಪನಿಯೋರೇ ಹೊಸದು ಬಂದೈತೆ ಅಂದ್ಮೇಲೆ ಒತ್ತದೆ ಇರಾಕಾಗ್ತತಾ? ಈಗ ಹಿಂದಕ್ಕೆ ತಗಿ."

"ಹಿಂದಕ್ಕೆ ಬರಲ್ಲ. ಆ ಆಟಕ್ಕೆ ರಿವರ್ಸ್ ಗೇರ್ ಇಲ್ಲ."

ಬಸ್ಸು ಓಡಿಸುವ ಆ ಆಟ ಯಾವುದೋ ಪರದೇಶದ ಕಂಪನಿಯದು. ಆದರೆ ಅದರೊಳಗೆ ಹೊಸದುರ್ಗ–ಹೊಳಲ್ಕೆರೆ ರಸ್ತೆಯನ್ನೂ, ರಾಮಗಿರಿಯ ರೈಲ್ವೆ ಗೇಟನ್ನೂ, ಗೇಟಿನ ಪಕ್ಕದ ಟೀ ಅಂಗಡಿಯನ್ನೂ ತಾವೇ ಮಾಡಿ ಜೋಡಿಸಿದವರು ಜಯಶೀಲಾ ಮತ್ತು ಅವಳ ಸ್ನೇಹಿತರು. ಸರ್ವರ್ ಅವಳದು. ಸುತ್ತಲ ಊರಿನವರು ತಮ್ಮ ತಮ್ಮ ಮನೆಯಲ್ಲೇ ಕುಳಿತು, ಅದರಲ್ಲಿ ಡ್ರೈವರಾಗಿ, ಪ್ರಯಾಣಿಕರಾಗಿ ಓಡಾಡುತ್ತಿದ್ದರು.

ರಂಗಪ್ಪನ ಬಸ್ಸಿಗೆ ಎತ್ತಪ್ಪ ಕಂಡಕ್ಟರ್. ನಿಜವಾದ ಬಸ್ಸಿನಲ್ಲೂ ಅವನೇ ಆಗಿದ್ದ. ಆ ದಿನಗಳಲ್ಲಿ ಒಮ್ಮೆ ರಾಮಗಿರಿ ಗೇಟಿನಲ್ಲಿ ಎತ್ತಪ್ಪ ಟೀ ಕುಡಿಯಲು ಇಳಿದಿದ್ದಾಗ, ಗೇಟು ತೆಗೆದ ಮೇಲೆ ಪಕ್ಕದ ಸ್ಟೇಷನ್ನಿನಲ್ಲಿ ರೈಲಿನ ಗಾರ್ಡ್ ಊದಿದ ಸೀಟಿಯನ್ನು ತನ್ನ ಕಂಡಕ್ಟರನದೆಂದು ನಂಬಿ, ರಂಗಪ್ಪ ಬಸ್ಸು ಬಿಟ್ಟುಕೊಂಡು ಹೋಗಿಬಿಟ್ಟಿದ್ದ. ಎತ್ತಪ್ಪ ಕುರಿ ತುಂಬಿದ ಟೆಂಪೋದಲ್ಲಿ, ಕುರಿಗಳ ನಡುವೆ ನಿಂತು ಹೊಳಲ್ಕೆರೆ ತಲುಪಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಟದಲ್ಲಿ ಮಾತಿನ ಅಗತ್ಯವೂ ಇರಲಿಲ್ಲ. ಎತ್ತಪ್ಪ ಗುಂಡಿ ಒತ್ತಿದರೆ ಸೀಟಿ ಕೇಳುತ್ತಿತ್ತು, ರಂಗಪ್ಪ ಹೊರಡುತ್ತಿದ್ದ. ಉಳಿದಿದ್ದ ಸಂಬಂಧ ಅಷ್ಟೇ.

ಅಪ್‌ಡೇಟ್ ಒತ್ತಿದ ರಂಗಪ್ಪನನ್ನು ಜಯಶೀಲಾಳ ಹಳೆಯ ಸರ್ವರ್ ಒಳಗೆ ಬಿಡುತ್ತಿರಲಿಲ್ಲ. ಈಗ ಅವಳ ಪರದೆಯ ಮೇಲೆ ಎತ್ತಪ್ಪ, ಮಾರುತೇಶನೆಂಬ ಕಾಲೇಜು ಹುಡುಗನ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಿದ್ದ.

"ನೋಡವನ್ನ! ಆ ಹುಡ್ಗುಂಗೆ ಕ್ಲಚ್ ಯಾವ್ದು ಬ್ರೇಕ್ ಯಾವ್ದು ಗೊತ್ತಿಲ್ಲ, ಅಂಥೋನ್ ಬಸ್ ಹತ್ತವ್ನೆ. ನಿನ್ ಸರ್ವರನ್ನೂ ಹೊಸದು ಮಾಡವ್ವ. ಕಂಪನಿಯೋರು ಒಂದಿನದಾಗೆ ಬಿಟ್ರಲ್ಲ, ನಿಂಗ್ಯಾಕೆ ತಡ?"

"ಅವ್ರು ನಮ್ಮನ್ನ ಕೇಳಿ ಬದಲು ಮಾಡ್ತಾರಾ? ಬಿಟ್ ಮೇಲೇನೇ ನಮಗ್ ಗೊತ್ತಾಗದು, ನಮ್ದು ಎಲ್ಲೆಲ್ಲಿ ಕಿತ್ತೋಗೈತೆ ಅಂತ. ಬಸ್ಸಿನ ಕರ್ಟನ್ ಮಾಡಿದೋನು ಹಿರಿಯೂರಾಗವ್ನೆ, ಫೋನ್ ಎತ್ತಲ್ಲ. ಸೀಟಿ ಮಾಡಿದ ಬಿಂದು ಚಿತ್ರದುರ್ಗದಾಗೆ ಪರೀಕ್ಷೆ ಬರೀತಾಳೆ. ಅವರವರದನ್ನ ಅವರವರೇ ಸರಿ ಮಾಡ್ಬೇಕು."

ರಂಗಪ್ಪ ಗಡ್ಡ ಕೆರೆದುಕೊಂಡ. "ಅಂದ್ರೆ ಚಾಸಿ ಹೊಸದು ಬಂತು, ನಮ್ ಬಾಡಿ ಬೋಲ್ಟಿನ ತೂತು ಕೂಡ್ತಿಲ್ಲ."

"ಅದೇ."

"ಹಂಗಾದ್ರೆ ಕೂಡದೇ ಇರೋದ್ನೆಲ್ಲ ಬಿಚ್ಚಾಕು. ಬೋಳು ಬಸ್ಸೇ ಓಡ್ಲಿ."

ಬಿಚ್ಚುವ ಕೆಲಸ ಶುರುವಾಯಿತು. ಕಿಟಕಿಯ ಕರ್ಟನ್, ಗಾಜಿನ ಮೇಲಿನ ದೇವರ ಹೆಸರು, ಮೂರು ರಾಗದ ಹಾರನ್: ಒಂದೊಂದು ಕಳಚಿದಾಗಲೂ ರಂಗಪ್ಪ ದಾನಶೂರನಂತೆ "ಹೋಗ್ಲಿ" ಎಂದ.

"ಸೀಟಿನೂ ಹೋಗ್ತತೆ."

ಅವನ ಕೈ ಗಡ್ಡದಲ್ಲೇ ನಿಂತಿತು. "ಸೀಟಿ ಇಲ್ದೆ ಹೆಂಗೆ ಹೊರಡದು?"

"ಮೈಕ್ ಐತಲ್ಲ, ಬಾಯಾಗೇ ಹೇಳ್ತಾರೆ."

"ಅವ್ನು ಹೇಳಲ್ಲ."

"ನೀನ್ ಕೇಳು."

ಅಂದು ಸಂಜೆ ಗ್ರೂಪಿಗೆ, "ಈಗ ಎಲ್ರೂ ಒತ್ರಿ" ಎಂದು ಸಂದೇಶ ಹೋಯಿತು. ಮರುದಿನ ಮಧ್ಯಾಹ್ನ ರಂಗಪ್ಪ ಅಂಗಡಿಯಲ್ಲೇ ಕುಳಿತು ಬಸ್ಸು ತೆಗೆದ. ಎತ್ತಪ್ಪ ಹತ್ತಿ ಬಾಗಿಲಲ್ಲಿ ನಿಂತ. ಜಯಶೀಲಾಳೇ "ರೈಟ್" ಎಂದು ಕಳುಹಿಸಿಕೊಟ್ಟಳು.

ರಾಮಗಿರಿಯಲ್ಲಿ ಗೇಟು ಹಾಕಿತ್ತು. ಎತ್ತಪ್ಪ ಇಳಿದು ಟೀ ಅಂಗಡಿಯತ್ತ ನಡೆದು, ಬೆನ್ನು ತಿರುಗಿಸಿ ನಿಂತ. ರೈಲು ಹೋಯಿತು. ಗೇಟು ಮೇಲೆದ್ದಿತು. ಹಿಂದಿನ ಬಸ್ಸಿನಿಂದ ಮಾರುತೇಶ ಹಾರನ್ ಒತ್ತತೊಡಗಿದ: "ತಾತ, ನಿದ್ದೆ ಬಂತೇನು? ಗೇಟ್ ತೆಗೆದೈತೆ, ಹೋಗಾಣ!"

ರಂಗಪ್ಪ ಇಂಜಿನ್ ಆರಿಸಿದ. ಮೈಕಿನ ಬಳಿ ಬಾಗಿ ಗಂಟಲು ಸರಿಮಾಡಿಕೊಂಡ.

"ಕುಡುದು ಬಾರೋ ಎತ್ತಪ್ಪ. ನಿಂತಿರ್ತೀನಿ."

ಸ್ವಲ್ಪ ಹೊತ್ತಿನ ಮೇಲೆ, ಎತ್ತಪ್ಪನ ಮನೆಯ ಮೈಕಿನಿಂದ, ಕಪ್ಪಿನಿಂದ ಸಾಸರಿಗೆ ಟೀ ಸುರಿದ ಸದ್ದು ಕೇಳಿಸಿತು. ಅನಂತರ ಸೊರ್ರನೆ ಹೀರಿದ ಸದ್ದು. ರಂಗಪ್ಪ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತ. ಹಿಂದೆ ಹಾರನ್‌ಗಳು ಒಂದರ ಹಿಂದೊಂದು ಕೂಗುತ್ತಲೇ ಇದ್ದವು.