ನಾಲ್ಕು ಪದರ ಜೀನ್ಸ್ ಬಟ್ಟೆ

ಗುರುವಾರ ಸಂಜೆ ಆರಕ್ಕೆ ಜೆಲಟಿನ್ ಕಾಯಿಸಿ ಅಚ್ಚಿಗೆ ಹೊಯ್ದದ್ದು. ಶುಕ್ರವಾರ ಇಡೀ ದಿನ ಫ್ರಿಜ್ಜಿನ ತಳದಲ್ಲಿ ಇಟ್ಟದ್ದು. ಶನಿವಾರ ಬೆಳಗ್ಗೆ ಏಳೂಕಾಲಿಗೆ ಥರ್ಮಾಮೀಟರ್ ಚುಚ್ಚಿ ನೋಡಿದಾಗ ಸರಿಯಾಗಿ ನಾಲ್ಕು ಡಿಗ್ರಿ. ವೆಂಡೆಲ್ ಪ್ರೂಯಿಟ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಗುಂಡಿನ ಪರೀಕ್ಷೆಗೆ ಮನುಷ್ಯನ ಮಾಂಸಕ್ಕೆ ಸಮಾನವೆಂದು ಬಲ್ಲವರು ಒಪ್ಪಿಕೊಂಡ ಈ ಪಾರದರ್ಶಕ ಗಟ್ಟಿ, ಮಾಂಸದಂತೆ ವರ್ತಿಸಬೇಕಾದರೆ ಇಷ್ಟು ತಣ್ಣಗಿರಬೇಕು. ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೂ ಅದು ಇಂದು ವಿಚಿತ್ರವೆನಿಸಿತು.

ಹೆಂಡತಿ ಲೋರ್ನಾ ಕೇಳಿದ್ದು ಸಣ್ಣ ಪ್ರಶ್ನೆ. ಕೈಚೀಲದಲ್ಲಿ ಇಟ್ಟುಕೊಳ್ಳಲು ಒಂದು ಪಿಸ್ತೂಲು. ಗುಂಡಿನ ಅಳತೆ ಮೂರು-ಎಂಬತ್ತೋ, ಒಂಬತ್ತು ಮಿಲಿಮೀಟರೋ? ಎರಡರ ಗುಂಡೂ ಹೆಚ್ಚುಕಡಿಮೆ ಒಂದೇ ದಪ್ಪ. ಮೊದಲನೆಯದರ ತೋಟೆ ಗಿಡ್ಡ, ಮದ್ದು ಕಡಿಮೆ, ಕೈಗೆ ಒದೆತವೂ ಕಡಿಮೆ; ಎರಡನೆಯದು ಆಳಕ್ಕೆ ಇಳಿಯುತ್ತದೆ. ಜೆಲಟಿನ್ನಿನೊಳಗೆ ಹನ್ನೆರಡು ಇಂಚು ತಲುಪದ್ದು ಸಾಲದು, ಹದಿನೆಂಟು ದಾಟಿದ್ದು ಅತಿ ಎಂಬುದು ನಿಯಮ. "ನೀನೇ ನೋಡಿ ಹೇಳು," ಎಂದಿದ್ದಳು. ಆ 'ನೀನೇ' ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಮೂರು ವಾರಗಳ ಹಿಂದೆ, ದಿನಸಿ ಅಂಗಡಿಯ ಎದುರು ಕಾರು ನಿಲ್ಲಿಸುವ ಜಾಗದಲ್ಲಿ, ಚಾಕು ಹಿಡಿದವನೊಬ್ಬ ಅವಳ ಮಣಿಕಟ್ಟು ತಿರುಚಿ ಚೀಲ ಕಿತ್ತುಕೊಂಡಿದ್ದ. ಅವಳು ಮೊಣಕಾಲೂರಿ ಬಿದ್ದಳು. ವೆಂಡೆಲ್ ಕಾರಿನೊಳಗೆ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಗಾಜಿನ ಮೂಲಕ ಎಲ್ಲವನ್ನೂ ನೋಡಿದ. ಬಾಗಿಲು ತೆರೆಯಲಿಲ್ಲ. ಆಮೇಲೆ ಪೊಲೀಸರಿಗೆ ಆ ಮನುಷ್ಯನ ಎತ್ತರ, ಅಂಗಿಯ ಬಣ್ಣ, ಕಳೆದ ಸೆಕೆಂಡುಗಳು ಹನ್ನೊಂದೆಂಬುದು, ಎಲ್ಲವನ್ನೂ ಹೇಳಿದ. ಇಷ್ಟು ಚೊಕ್ಕಟವಾದ ಸಾಕ್ಷಿ ಅಪರೂಪವೆಂದು ಅವರು ಮೆಚ್ಚಿಕೊಂಡರು.

ಲೋರ್ನಾ ಆ ಬಾಗಿಲಿನ ಮಾತೆತ್ತಲಿಲ್ಲ. ಅವನ ಹೊದಿಕೆ ಜಾರಿದರೆ ಎಂದಿನಂತೆ ಎಳೆದು ಹೊದಿಸುತ್ತಾಳೆ. ಒಮ್ಮೆ ಬೈದುಬಿಟ್ಟಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತೇನೋ.

ಎದುರಾಳಿಯ ಉಡುಪಿನ ಲೆಕ್ಕಕ್ಕೆ ಅಚ್ಚಿನ ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ ಇಳಿಬಿಡಬೇಕು. ಹಳೆಯದಿದ್ದರೆ ಕೊಡು ಎಂದಿದ್ದ. ಅವಳು ತಂದದ್ದು ಹೊಸದು, ಒಗೆದು ಮಡಿಚಿದ್ದಳು. ಮೊಣಕಾಲಿನಲ್ಲಿ ಹರಿದಿತ್ತು.

"ಇದನ್ನ ಹೊಲಿಸಬಹುದಲ್ಲ," ಎಂದ ಅವನು.

"ನಾನಿನ್ನು ಹಾಕ್ಕೊಳ್ಳಲ್ಲ ಕಣೋ. ಕತ್ತರಿಸು."

ಹರಿದ ಭಾಗವನ್ನು ಬಿಟ್ಟು ಅಳತೆಯಿಟ್ಟು ಕತ್ತರಿಸಿದ.

ಒಂಬತ್ತೂವರೆಗೆ ಲೋರ್ನಾಳ ತಮ್ಮ ಡ್ಯೂಯಿಯ ಹುಲ್ಲುಗಾವಲಿಗೆ ಬಂದರು. ಎರಡೂ ಪಿಸ್ತೂಲುಗಳು ಅವನವು. ಮಿಸೌರಿಯ ಆ ಗುಡ್ಡಗಳಲ್ಲಿ ಪಿಸ್ತೂಲು ಎರವಲು ಕೊಡುವುದು ಏಣಿ ಕೊಟ್ಟಷ್ಟೇ ಸಹಜ. ಐಸಿನ ಪೆಟ್ಟಿಗೆಯಿಂದ ಅಚ್ಚನ್ನು ತೆಗೆದು ಮಣ್ಣಿನ ದಿಬ್ಬದ ಮುಂದೆ ಮೇಜಿನ ಮೇಲಿಟ್ಟು, ಎದುರಿಗೆ ಬಟ್ಟೆ ಇಳಿಬಿಟ್ಟು, ವೆಂಡೆಲ್ ಮತ್ತೆ ಥರ್ಮಾಮೀಟರ್ ಚುಚ್ಚಿದ.

"ಏನ್ ಮೇಷ್ಟ್ರೇ, ಕಳ್ಳ ಬಂದ್ರೆ ಅವನಿಗೂ ಜ್ವರ ನೋಡ್ತೀರಾ?" ಎಂದ ಡ್ಯೂಯಿ. "ಸ್ವಲ್ಪ ತಡಿಯಪ್ಪಾ, ನೀನಿನ್ನೂ ತಣ್ಣಗಾಗಿಲ್ಲ ಅಂತ?"

ಲೋರ್ನಾ ನಕ್ಕಳು. ವೆಂಡೆಲ್ ಟೇಪು ಎಳೆದು ಹುಲ್ಲಿನ ಮೇಲೆ ಗೆರೆ ಹಾಕಿದ. ನಿಯಮದಂತೆ ಅಚ್ಚಿನಿಂದ ಹತ್ತು ಅಡಿ.

"ಇಷ್ಟು ಹತ್ರಾನಾ? ಇಲ್ಲಿಂದ ಉಗುಳಿದ್ರೂ ತಗಲುತ್ತೆ," ಎಂದ ಡ್ಯೂಯಿ. ಆಮೇಲೆ ದನಿ ತಗ್ಗಿಸಿ, "ಅವತ್ತು ನೀವು ಅಂಗಡಿಯೊಳಗಿದ್ದದ್ದು ಆ ಬಡ್ಡೀಮಗನ ಪುಣ್ಯ, ಭಾವ. ಅಕ್ಕ ಎಲ್ಲಾ ಹೇಳಿದ್ಲು."

ವೆಂಡೆಲ್ ಲೋರ್ನಾಳ ಕಡೆ ನೋಡಿದ. ಅವಳು ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಅದು ಆಗಲೇ ತೆರೆದಿತ್ತು.

"ಹೌದು," ಎಂದ ವೆಂಡೆಲ್. "ಒಳಗಿದ್ದೆ."

ಒಂದೊಂದು ಪಿಸ್ತೂಲಿನಿಂದ ಒಂದರಂತೆ ಎರಡು ಗುಂಡು ಹಾರಿಸಿದ. ಕೈ ಕಿಂಚಿತ್ತೂ ನಡುಗಲಿಲ್ಲ. ಅದನ್ನೂ ಗಮನಿಸಿದ, ಬರೆಯಲಿಲ್ಲ. ಪಿಸ್ತೂಲುಗಳನ್ನು ಖಾಲಿ ಮಾಡಿಟ್ಟು, ಆಳ ಅಳೆದು, ನೋಟ್‌ಬುಕ್ಕು ಬಿಟ್ಟಿದ್ದ ಗೆರೆಯ ಬಳಿಗೆ ಮರಳಿದ. ಮೂರು-ಎಂಬತ್ತು: ಹನ್ನೊಂದೂಕಾಲು ಇಂಚು. ಒಂಬತ್ತು: ಹದಿನಾಲ್ಕು. ಡ್ಯೂಯಿ ಪಿಸ್ತೂಲುಗಳನ್ನು ತನ್ನ ಪಿಕಪ್ ಗಾಡಿಗೆ ಒಯ್ದ.

ಲೋರ್ನಾ ಫ್ಲಾಸ್ಕು ಹಿಡಿದೇ ಅಚ್ಚಿನ ಬಳಿ ಹೋಗಿ ಬಗ್ಗಿ ನೋಡಿದಳು. ಒಳಗೆ ಎರಡು ಗುಂಡುಗಳು ದಳ ಬಿರಿದು, ಎಲ್ಲಿಗೂ ತಲುಪದೆ ತೇಲುತ್ತಿದ್ದಂತಿದ್ದವು. ಅವಳು ಅದರ ಮೇಲೆ ಅಂಗೈಯಿಟ್ಟಳು.

"ಎಷ್ಟು ತಣ್ಣಗಿದೆ, ಪಾಪ."

"ಒಂಬತ್ತೇ ಸರಿ," ಎಂದ ಅವನು. "ನಿನ್ನ ಮಣಿಕಟ್ಟು ಸ್ವಲ್ಪ ನೋಯಬಹುದು."

"ನೋಯಲಿ ಬಿಡು." ಬಟ್ಟಲಿಗೆ ಕಾಫಿ ಬಗ್ಗಿಸಿ ಅಲ್ಲಿಂದಲೇ ಅವನತ್ತ ಚಾಚಿದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಸಕ್ಕರೆ ಸಾಕೇ ಎಂದು ಕೇಳಿದಂತಿತ್ತು. "ಅವತ್ತೂ ಇಷ್ಟೇ ದೂರ ಇತ್ತು ಅಲ್ವಾ, ವೆಂಡೆಲ್?"

ಬಟ್ಟಲಿನಿಂದ ಹಬೆ ಏಳುತ್ತಿತ್ತು. ಅವನ ಬೂಟಿನ ತುದಿ ಗೆರೆಗೆ ತಗಲಿಕೊಂಡೇ ಇತ್ತು. ಹಬೆ ತೆಳುವಾಗಿ, ಕೊನೆಗೆ ಕಾಣದಾಯಿತು. ಅವಳು ಕೈ ಇಳಿಸಲಿಲ್ಲ.

ಅವನು ನೋಟ್‌ಬುಕ್ಕು ತೆರೆದು ಬರೆದ: ಫಲಿತಾಂಶ. ಹತ್ತು ಅಡಿಯನ್ನು ಎರಡೂ ಗುಂಡುಗಳು ದಾಟಿದವು.