ಪಂಪು ನಿಂತಾಗ ನಿಲ್ಲಬೇಕಾದ ನೀರು

ಹೊಲಿಗೆಯವಳಿಗೆ ತನ್ನ ಅಳತೆಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಕೆಳಗಿನ ಮನೆಯಲ್ಲಿರುವ ಅಕ್ಕನ ಗಂಡ, ಭಾವನಿಗೆ. ಅವರ ಭಯವೂ ಸುಳ್ಳಲ್ಲ. ಮಹಡಿಯ ತನ್ನ ಮನೆಯಲ್ಲಿ ಅವಳು ಉಪ್ಪುನೀರಿನ ಮೀನಿನ ತೊಟ್ಟಿ ಇಟ್ಟರೆ, ಅದು ಸೋರುವುದು ನೇರ ಅವರ ಹಾಸಿಗೆಯ ಮೇಲೆಯೇ.

"ನಾನೇ ಬಂದು ಕರೆಂಟು ತೆಗೆದು ನೋಡ್ತೀನಿ. ಒಂದು ತೊಟ್ಟು ನೆಲಕ್ಕೆ ಬಿದ್ರೂ ತೊಟ್ಟಿ ಆಚೆಗೆ," ಎಂದಿದ್ದರು ಭಾವ. ಅವಳು ಮರುಮಾತಿಲ್ಲದೆ ಒಪ್ಪಿದ್ದಳು. ಊರಿನವರಿಗೆಲ್ಲ ಹೊಲಿದುಕೊಟ್ಟವಳು ತನಗೆ ಅಂತ ಆಸೆಪಟ್ಟದ್ದು ಇದೊಂದನ್ನೇ.

ಏರ್ಪಾಡು ಸರಳ. ಮೇಲಿನ ತೊಟ್ಟಿಯ ನೀರು ಅಂಚು ದಾಟಿ, ಕೊಳವೆಯಲ್ಲಿಳಿದು, ಅದರಡಿಯಲ್ಲೇ ಇಟ್ಟ ಗಾಜಿನ ಪೆಟ್ಟಿಗೆಗೆ, ಅಂದರೆ ಸಂಪಿಗೆ, ಬರುತ್ತದೆ. ಅಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಪೇಚಿರುವುದು ಪಂಪು ನಿಂತಾಗ. ಮೇಲೇರಿಸುವ ಪೈಪೇ ಉಲ್ಟಾ ಹೊಡೆದು ತೊಟ್ಟಿಯ ನೀರನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಅವಳು ಪೈಪಿನ ಬಾಯಿಯನ್ನು ನೀರಿನ ಮಟ್ಟದಲ್ಲೇ ಕೂರಿಸಿದ್ದಳು. ನೀರು ಒಂಚೂರು ಇಳಿದರೆ ಬಾಯಿಗೆ ಗಾಳಿ ಹೊಕ್ಕು ಎಳೆತ ನಿಲ್ಲಬೇಕು. ಸಂಪಿನಲ್ಲಿ ನೀರು ಎಲ್ಲಿಗೆ ನಿಲ್ಲುತ್ತದೆಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಗೆರೆ ಎಳೆದಿದ್ದಳು.

ಸಂಜೆ ಅಕ್ಕನ ಜೊತೆ ಮೇಲೆ ಬಂದ ಭಾವ ಪಂಪಿನ ಸ್ವಿಚ್ಚು ಆರಿಸಿದರು. ಸಂಪಿನ ನೀರು ಏರಿತು. ಗೆರೆ ಮುಟ್ಟಿತು. ಗೆರೆ ದಾಟಿತು.

ಅಕ್ಕ ನೆಲ ಒರೆಸುವ ಬಟ್ಟೆಗೆ ಓಡಿದಳು. ಹೊಲಿಗೆಯವಳು ತೊಟ್ಟಿಯತ್ತ ತಿರುಗಿದಳು. ತಲೆಯೆತ್ತಿ ನೋಡಿದರೆ ಪೈಪಿನ ಬಾಯಿ ನೀರೊಳಗೆ ಗೇಣುದ್ದ ಮುಳುಗಿದೆ.

"ಗುಳುಗುಳು ಅಂತಿತ್ತು ಕಣೆ," ಎಂದಳು ಕುರ್ಚಿಯಲ್ಲಿದ್ದ ಅಮ್ಮ. "ಮಧ್ಯಾಹ್ನ ಕಣ್ಣು ಮುಚ್ಚೋಕಾಗ್ಲಿಲ್ಲ. ಪೈಪನ್ನ ಒಂಚೂರು ಒಳಕ್ಕೆ ಒತ್ತಿದೆ ಅಷ್ಟೆ."

ಭಾವ ಪೈಪಿಗೆ ಕೈ ಹಾಕಹೋದರು.

"ಮುಟ್ಟಬೇಡಿ ಭಾವ. ನಿಜವಾಗ್ಲೂ ಕರೆಂಟು ಹೋದಾಗ ನೀವೂ ಇಲ್ಲಿರಲ್ಲ, ನಾನೂ ಇರಲ್ಲ."

"ತುಂಬ್ತಾ ಇದೆಯಲ್ಲಮ್ಮ."

"ತುಂಬಲಿ. ಬಾಯಿಗಿಂತ ಮೇಲೆ ಪೈಪಿಗೆ ಒಂದು ತೂತು ಕೊರೆದಿದೀನಿ. ನೀರು ಅಲ್ಲಿಗಿಳಿದ್ರೆ ಅದೇ ಗಾಳಿ ಎಳ್ಕೊಳುತ್ತೆ. ಅಷ್ಟು ನೀರಿಗೆ ಸಂಪಲ್ಲಿ ಜಾಗ ಬಿಟ್ಟಿದೀನಿ."

ಮಾತು ಗಟ್ಟಿಯಾಗಿಯೇ ಬಂತು. ಕೈಗಳನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಳು, ಎಲ್ಲಿ ತಾನೇ ಪೈಪನ್ನು ಎತ್ತಿಬಿಡುತ್ತೇನೋ ಎಂದು. ನೀರು ಸಂಪಿನ ಅಂಚಿಗೆ ಎರಡು ಬೆರಳಿದ್ದದ್ದು ಒಂದು ಬೆರಳಾಯಿತು. ಆಗ ಮೇಲೆ ಸೊರ್ರೆಂದು ಪೈಪು ಗಾಳಿ ಹೀರಿತು. ನೀರು ನಿಂತಿತು.

ಭಾವ ತೊಟ್ಟಿಯತ್ತ ಕತ್ತು ಚಾಚಿ ಪೈಪಿನ ತೂತನ್ನು ನೋಡಿದರು.

"ಬಾಯಿ ಮೇಲಿದ್ರೆ ಸಾಕಿತ್ತಲ್ಲ. ಈ ತೂತು ಯಾಕೆ ಕೊರೆದೆ?" ಎಂದರು ಭಾವ.

"ಅಮ್ಮ ಇದೇ ಮನೇಲಿದ್ದಾಳಲ್ಲ ಭಾವ."

ಅಮ್ಮ ಮುಖ ಊದಿಸಿಕೊಂಡಳು. ಅಕ್ಕ ಒಣಬಟ್ಟೆ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಭಾವ ನಗಲಿಲ್ಲ. ಬಗ್ಗಿ ಸಂಪಿನ ಸುತ್ತ ನೆಲವನ್ನೆಲ್ಲ ಅಂಗೈಯಿಂದ ಸವರಿದರು, ಅಂಗೈ ತಿರುಗಿಸಿ ನೋಡಿಕೊಂಡರು, ಎದ್ದು ತಾವೇ ಸ್ವಿಚ್ಚು ಹಾಕಿದರು.

"ಮೀನು ತರೋಕೆ ಯಾವತ್ತು ಹೋಗ್ತೀಯ? ನಾನೂ ಬರ್ತೀನಿ."

ಅಷ್ಟು ಹೊತ್ತು ಜಗ್ಗದೆ ನಿಂತವಳು ಈಗ ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಚ್ಚಿದಳು. "ನಾಳೇನೇ ಭಾವ," ಎಂದಳು.