ಕುಂಬಾರ ಉಳವಪ್ಪನ ಸೈಕಲ್ ಸವಾರಿ

ವಕೀಲಿ ಶುರು ಮಾಡಿದ ಹೊಸದರಲ್ಲಿ ನಾನು ಸೋತ ಮೊದಲ ಕೇಸು ಹತ್ತು ರೂಪಾಯಿ ದಂಡದ್ದು. ಆಮೇಲೆ ದೊಡ್ಡ ದೊಡ್ಡ ಕೇಸು ಗೆದ್ದಿದ್ದೇನೆ, ಸೋತಿದ್ದೇನೆ. ಅವುಗಳ ಫೈಲುಗಳನ್ನು ಗೆದ್ದಲು ತಿಂದಿದೆ, ಅವು ನನ್ನ ತಲೆಯಲ್ಲೂ ಉಳಿದಿಲ್ಲ. ಇದೊಂದು ಮಾತ್ರ ಮರೆಯಲಿಲ್ಲ. ಕೈಗೆ ಬಂದ ಕೇಸನ್ನು ನನ್ನ ಕಕ್ಷಿದಾರನೇ ನಿಂತು ಸೋಲಿಸಿದ. ಅವನು ಮಾಡಿದ್ದೇ ಸರಿ ಎಂದು ಒಪ್ಪಲು ನನಗೆ ಬಹಳ ವರ್ಷ ಬೇಕಾದವು.

ಅದು ೧೯೭೯. ಆಗ ಬೆಳಗಾವಿ ಸೈಕಲ್ಲಿನ ಊರು. ಬೆಳಿಗ್ಗೆ ಫೌಂಡ್ರಿಯ ಭೋಂಗಾ ಊದಿತೆಂದರೆ ಉದ್ಯಮಬಾಗದ ರಸ್ತೆಯ ತುಂಬ ಸೈಕಲ್ಲೇ ಸೈಕಲ್ಲು. ಹಾಲಿನವರು, ಮಾಸ್ತರರು, ಕಾರಕೂನರು, ನನ್ನಂಥ ಹೊಸ ವಕೀಲರು, ಎಲ್ಲರ ಪ್ಯಾಂಟಿನ ತುದಿಗೂ ಒಂದು ಕ್ಲಿಪ್ಪು. ಪೊಲೀಸರಿಗೂ ಸೈಕಲ್ಲಿನವರ ಮೇಲೆ ಬಲು ಪ್ರೀತಿ. ಲಾರಿಯವನನ್ನು ಹಿಡಿಯಬೇಕಾದರೆ ಹಿಂದೆ ಓಡಬೇಕು, ಸೈಕಲ್ಲಿನವನಿಗೆ ಕೈ ಚಾಚಿದರೆ ಸಾಕು. ದೀಪ ಇಲ್ಲ, ಹಿಡಿ. ತೆರಿಗೆಯ ಬಿಲ್ಲೆ ಇಲ್ಲ, ಹಿಡಿ. ಹಿಂದೆ ಯಾರಾದರೂ ಕೂತಿದ್ದಾರೆ, ಡಬಲ್ ಸೀಟ್, ಹಿಡಿ. ಶಿಕ್ಷೆಯೂ ಅಲ್ಲೇ: ವಾಲ್ ಕಿತ್ತು ಹವಾ ಬಿಟ್ಟುಬಿಡುವುದು. ಇದು ಯಾವ ಕಾಯ್ದೆಯಲ್ಲಿ ಬರೆದಿದೆ ಎಂದು ಕೇಳಿದವರಿಲ್ಲ. ಕಾಲೇಜಿನ ದಿನಗಳಲ್ಲಿ ನಾನೂ ಎಷ್ಟೋ ಸಲ ಹವಾ ಹೋದ ಸೈಕಲ್ಲನ್ನು ದಬ್ಬಿಕೊಂಡು ಮನೆ ಸೇರಿದವನು. ಕರಿ ಕೋಟು ಹಾಕಿದ ದಿನವೇ, ಒಂದಲ್ಲ ಒಂದು ದಿನ ಇದನ್ನು ಕೋರ್ಟಿನಲ್ಲಿ ಕೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿದ್ದೆ.

ಉಳವಪ್ಪ ಖಾನಾಪುರದ ಕುಂಬಾರ. ವಾರಕ್ಕೆ ಎರಡು ಸಲ ಗಡಿಗೆಗಳನ್ನು ಹುಲ್ಲಿನಲ್ಲಿ ಸುತ್ತಿ, ಹಗ್ಗದ ಜಾಳಿಗೆಯಲ್ಲಿ ಸೈಕಲ್ಲಿಗೆ ಕಟ್ಟಿ, ಪ್ಯಾಸೆಂಜರ್ ರೈಲಿನ ಗಾರ್ಡ್ ಡಬ್ಬಿಯಲ್ಲಿ ಹಾಕಿಕೊಂಡು ಬೆಳಗಾವಿಗೆ ಬರುತ್ತಿದ್ದ. ಸ್ಟೇಶನ್ನಿನಿಂದ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಗಡಿಗೆಗಳ ಮೇಲೆ ಇಟ್ಟು, ಗಲ್ಲಿ ಗಲ್ಲಿ ನಡೆದು ಮಾರುತ್ತಿದ್ದ. ನನ್ನ ತಾಯಿ ರಾಜಬೀಗೆ ಖಾನಾಪುರದ ಗಡಿಗೆಯ ನೀರೇ ಆಗಬೇಕು. ಕೊಳ್ಳುವ ಮುನ್ನ ಪ್ರತಿಯೊಂದನ್ನೂ ಬೆರಳಿನಿಂದ ಬಾರಿಸಿ, ಅದರ ದನಿ ಕೇಳಿ, ಅರ್ಧ ಗಂಟೆ ಜಗಳವಾಡಿ, ಕೊನೆಗೆ ಅವನಿಗೆ ಚಹಾ ಕೊಟ್ಟು ಕಳಿಸುತ್ತಿದ್ದಳು. ಅವನು ಸೈಕಲ್ ಹತ್ತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಗಡಿಗೆ ಕಟ್ಟಿದ ಸೈಕಲ್ಲನ್ನು ಯಾರು ಹತ್ತುತ್ತಾರೆ? ಅದರಿಂದ ನಮಗೆ ಸಂಶಯವೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅವನು ಸೈಕಲ್ಲೇ ಇಲ್ಲದೆ ಬಂದ. ಧೋತರದ ಮಡಿಲಲ್ಲಿ ಒಡೆದ ಗಡಿಗೆಯ ಚೂರುಗಳು. ಪೇಟೆಯ ಒಂದು ಗಲ್ಲಿಯನ್ನು ಆ ವಾರವಷ್ಟೇ ಒನ್ ವೇ ಮಾಡಿದ್ದರು. ಇವನಿಗೆ ಗೊತ್ತಿಲ್ಲ. ರೂಢಿಯಂತೆ ಸೈಕಲ್ ಹಿಡಿದು ಎದುರಿನಿಂದ ಹೊಕ್ಕಿದ್ದಾನೆ. ಅಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಭರಮಪ್ಪ ತಡೆದಿದ್ದಾನೆ.

"ಏ ಗಡಗಿಯಪ್ಪ, ಬೋರ್ಡ್ ಕಾಣಂಗಿಲ್ಲೇನ?"

"ನಾ ನಡಕೊಂತ ಹೊಂಟೀನ್ರಿ ಹವಾಲ್ದಾರ್ರ. ನಡಿಯಾವ್ರಿಗೂ ಬೋರ್ಡ್ ಐತೇನ್ರಿ?"

ಮಾತು ಸರಿಯಾಗಿಯೇ ಇತ್ತು, ಅದೇ ತಪ್ಪಾಯಿತು. ಎದುರು ಮಾತನಾಡುತ್ತೀಯಾ ಎಂದು ಭರಮಪ್ಪ ಹಿಂದಿನ ಗಾಲಿಯ ವಾಲ್ ಕಿತ್ತ. ಹವಾ ಹೋಯಿತು, ಭಾರ ಒಂದು ಕಡೆ ವಾಲಿತು, ಹನ್ನೊಂದು ಗಡಿಗೆ ರಸ್ತೆಗೆ ಬಿದ್ದವು. ಭರಮಪ್ಪ ಸ್ವತಃ ಗಾಬರಿಯಾದನಂತೆ. ಆದರೆ ಜನ ಸೇರಿದ್ದರು, ಖಾಕಿ ಹಿಂದೆ ಸರಿಯುವ ಹಾಗಿರಲಿಲ್ಲ. ಕೇಸು ಬರೆದು ಸೈಕಲ್ಲನ್ನು ಠಾಣೆಗೆ ಒಯ್ದ.

ನನ್ನ ತಾಯಿ ಆ ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಮನ್ಯಾಗ ವಕೀಲನ್ನ ಇಟ್ಕೊಂಡು ಉಪಯೋಗ ಏನ? ಇವರ ಕೇಸ್ ನೀ ನಡಸ್ಬೇಕು ನೋಡ್ ಹಿದಾಯತ್. ಫೀ ಕೇಳಿದ್ರ ನಿನಗ ಊಟಾ ಇಲ್ಲ."

ಫೀ ಯಾರಿಗೆ ಬೇಕಿತ್ತು! ಸಮನ್ಸಿನ ಕಾಗದ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. 'ಸೈಕಲ್ ಸವಾರಿ ಮಾಡುತ್ತ ಎದುರು ದಿಕ್ಕಿನಿಂದ ಬಂದು' ಎಂದಿತ್ತು. ಸವಾರಿ! ಕೈಯಲ್ಲಿ ಸೈಕಲ್ ಹಿಡಿದು ನಡೆಯುವವನು ಪಾದಚಾರಿ. ಅವನಿಗೆ ಒನ್ ವೇ ಇಲ್ಲ, ದಂಡವಿಲ್ಲ, ಅವನ ಹವಾ ಬಿಡುವ ಹಕ್ಕಂತೂ ಯಾರಿಗೂ ಇಲ್ಲ. ಮೂರು ದಿನ ದಪ್ಪ ದಪ್ಪ ಪುಸ್ತಕ ತಿರುವಿದೆ. ಆಮೇಲೆ ಉಳವಪ್ಪನನ್ನು ಕರೆಸಿ, ನೀವು ಹತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಯಾರಿದ್ದಾರೆ ಎಂದು ಕೇಳಿದೆ.

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ಸಾಕ್ಷಿ ಯಾಕ ಬೇಕ್ರಿ ಸಾಹೇಬ್ರ. ನನಗ ಸೈಕಲ್ ಹೊಡ್ಯಾಕ ಬರಂಗಿಲ್ರಿ."

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

"ಕನ್ಯಾ ನೋಡಾಕ ಬೀಡಿ ಊರಿಗೆ ಹೋದಾಗ ನಮ್ಮ ಕಾಕಾ, ಹುಡುಗ ಸೈಕಲ್ ಭಾಳ ಛೊಲೋ ಹೊಡೀತಾನ ಅಂದುಬಿಟ್ಟ. ಅದಕ್ಕ ಮದಲ ಬಂದಿದ್ದ ವರಗ ಹೊಲಾ ಇತ್ತಂತ್ರಿ. ಆದ್ರ ನನ್ನ ಹೇಣ್ತಿ ಸಂಗವ್ವ, ನನಗ ಸೈಕಲ್ ಹೊಡ್ಯಾವನ ಬೇಕು ಅಂದ್ಲಂತ. ಮಾವ ಎತ್ತ ಮಾರಿ ಹೊಸಾ ಸೈಕಲ್ ಕೊಟ್ಟ. ಮುಂದ ಕಲತ್ರಾತು ಅಂದ್ಕೊಂಡ್ನಿ. ಒಂದ ಸಲ ಹತ್ತಿ ಬಿದ್ನಿ, ಮೊಣಕಾಲ ಒಡೀತು. ಮದಿವ್ಯಾದ ಗಂಡಸು ಹಿಂದ ಒಬ್ಬನ್ನ ಹಿಡ್ಯಾಕ ಹಚ್ಚಿ ಸೈಕಲ್ ಕಲ್ಯಾಕ ಬರ್ತೈತೇನ್ರಿ? ಊರ ಮಂದಿ ನಗತಾರ. ಹಿಂಗ ಹದಿನೇಳ ವರ್ಷ ಆತ್ರಿ."

"ಹದಿನೇಳು ವರ್ಷ ಆಕಿಗೆ ಗೊತ್ತಾಗಿಲ್ಲೇನ?"

"ಹೋಗುವಾಗ ಗಡಗಿ ಇರ್ತಾವ. ಬರುವಾಗ ಗಡಗಿ ಸುಡಾಕ ಒಂದ ಹೊಟ್ಟಿನ ಚೀಲ ಹೇರತೀನಿ. ತವರಮನಿಗೆ ಹೊಂಟಾಗ, ನಾನೂ ಹಿಂದ ಕುಂದರ್ತೀನಿ ಅಂತಾಳ. ಡಬಲ್ ಸೀಟ್ ಪೊಲೀಸರು ಬಿಡಂಗಿಲ್ಲ ಅಂತೀನಿ."

"ಬೀಡಿ ದಾರ್ಯಾಗ ಯಾ ಪೊಲೀಸ್ರು ಇರ್ತಾರ ಉಳವಪ್ಪಣ್ಣ?"

"ಆಕಿಗೇನ್ ಗೊತ್ರಿ ಅದು."

ನನಗೆ ಆಗ ಇಪ್ಪತ್ತಾರು ವರ್ಷ, ಕಣ್ಣೆದುರು ಗೆಲುವೊಂದೇ ಕಾಣುತ್ತಿತ್ತು. ಸವಾರಿಯೇ ಬಾರದವನ ಮೇಲೆ ಸವಾರಿಯ ಆರೋಪ! ಇದಕ್ಕಿಂತ ಗಟ್ಟಿ ವಾದ ಎಲ್ಲಿಂದ ತರಲಿ? ಈ ಒಂದು ಮಾತನ್ನು ಕೋರ್ಟಿನಲ್ಲಿ ಒಂದೇ ಸಲ ಹೇಳಿದರೆ ಸಾಕು ಎಂದು ಬೆನ್ನು ಬಿದ್ದೆ. ಕೊನೆಗೆ ಅವನು ಅರೆಮನಸ್ಸಿನಿಂದ ಒಪ್ಪಿದ.

"ಸಂಗವ್ವಗ ಗೊತ್ತಾಗಬಾರದ್ರಿ. ಸೈಕಲ್ ರಿಪೇರಿಗೆ ಕೊಟ್ಟೀನಿ ಅಂತ ಹೇಳೀನಿ."

"ಖಾನಾಪುರಕ್ಕ ಹೋಗಿ ಯಾರ್ ಹೇಳ್ತಾರ? ಬಿಡ್ರಿ," ಎಂದೆ.

ಕೇಸಿನ ಸುದ್ದಿಯನ್ನು ಯಾರೋ ಹೇಳಿದರು. ಅಂಥ ಸುದ್ದಿಗೆ ರೈಲಿನ ಟಿಕೀಟೂ ಬೇಕಿಲ್ಲ.

ವಿಚಾರಣೆಯ ದಿನ ಸೈಕಲ್ಲನ್ನು ಜಪ್ತಿಯಾದ ಮುದ್ದೆಮಾಲೆಂದು ಠಾಣೆಯಿಂದ ತಂದು ಕೋರ್ಟಿನ ಅಂಗಳದ ಬೇವಿನ ಮರಕ್ಕೆ ಒರಗಿಸಿದ್ದರು. ಒಳಗೆ ಭರಮಪ್ಪ ಕಟಕಟೆ ಹತ್ತಿದ. ದಪ್ಪ ಮೀಸೆಯ, ನಡುವಯಸ್ಸಿನ ಮನುಷ್ಯ. ನಾನು ಕೋಟು ಸರಿಮಾಡಿಕೊಂಡು, ಆರೋಪಿ ಸೈಕಲ್ಲಿನ ಮೇಲೆ ಕೂತಿದ್ದನೋ, ಹಿಡಿದು ನಡೆಯುತ್ತಿದ್ದನೋ ಎಂದು ಕೇಳಿದೆ. ಸುಳ್ಳು ಹೇಳುತ್ತಾನೆ, ಆಗ ಹಿಡಿದು ಹಾಕುತ್ತೇನೆ ಎಂದು ತಯಾರಾಗಿ ನಿಂತಿದ್ದೆ.

"ನಡದಿದ್ದ್ರಿ," ಎಂದ ಭರಮಪ್ಪ. "ಫಾರ್ಮಿನ್ಯಾಗ ಸವಾರಿ ಅಂತ ಛಾಪಾ ಆಗೇತ್ರಿ. ನಾ ಅದರಾಗ ಹೆಸರಷ್ಟ ಬರದೀನಿ."

ಕೇಸು ಅಲ್ಲಿಗೇ ಮುಗಿದಿತ್ತು. ನಾನು ಬಾಯಿ ಮುಚ್ಚಿ ಕೂತಿದ್ದರೆ ಗೆದ್ದು ಮನೆಗೆ ಹೋಗುತ್ತಿದ್ದೆ. ಆದರೆ ಮೂರು ದಿನ ಓದಿದ ಪುಸ್ತಕ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. "ಸ್ವಾಮಿ, ಅಷ್ಟೇ ಅಲ್ಲ, ಇನ್ನೂ ಒಂದು ಮಾತಿದೆ. ನನ್ನ ಕಕ್ಷಿದಾರನಿಗೆ..." ಎಂದು ಶುರು ಮಾಡಿದೆ.

ಆಗ ಉಳವಪ್ಪ ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ. ನಾನೂ ತಿರುಗಿದೆ. ಕೊನೆಯ ಬೆಂಚಿನಲ್ಲಿ, ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಸಾಹೇಬ್ರ!" ಉಳವಪ್ಪ ಕೂಗಿದ. "ನಾ ಹೊಡಕೊಂತ ಬಂದಿದ್ನಿ. ಹತ್ತಿ ಕುಂತಿದ್ನಿ. ತಪ್ಪಾಗೇತ್ರಿ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ನೀನು ನಡೆಯುತ್ತಿದ್ದೆ ಎಂದು ಪೊಲೀಸನೇ ಅನ್ನುತ್ತಾನಲ್ಲಯ್ಯ?"

"ಸುಳ್ಳ ಹೇಳ್ತಾರ್ರಿ ಅವರು. ಭಾಳ ಜೋರ ಹೊಂಟಿದ್ನಿ."

"ಅಷ್ಟು ಗಡಿಗೆ ಕಟ್ಟಿಕೊಂಡು?"

"ಹದಿನೇಳ ವರ್ಷದ ರೂಢಿ ಐತ್ರಿ."

"ಇಲ್ರಿ ಸಾಹೇಬ್ರ, ಖರೇನ ನಡದಿದ್ದ!" ಭರಮಪ್ಪ ಕಟಕಟೆಯಿಂದಲೇ ಎರಡೂ ಕೈ ಎತ್ತಿದ. "ನನ್ನ ಮಕ್ಕಳ ಆಣೆ!"

ಕೋರ್ಟಿಗೆ ಕೋರ್ಟೇ ನಕ್ಕಿತು. ನಾನೊಬ್ಬ ನಗಲಿಲ್ಲ. ಪೊಲೀಸು ಆರೋಪಿಯ ಪರ, ಆರೋಪಿ ತನ್ನ ವಿರುದ್ಧ, ನಡುವೆ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಮೊದಲ ಗೆಲುವನ್ನು ಈ ಮನುಷ್ಯ ಕಾಲಲ್ಲಿ ಒದ್ದನಲ್ಲ ಎಂದು ಸಿಟ್ಟು ನೆತ್ತಿಗೇರಿತ್ತು.

ತಪ್ಪು ಒಪ್ಪಿಕೊಂಡ ಮೇಲೆ ಮಾಡುವುದೇನು? ಹತ್ತು ರೂಪಾಯಿ ದಂಡ, ಸೈಕಲ್ ವಾಪಸ್. ಮ್ಯಾಜಿಸ್ಟ್ರೇಟರು ಭರಮಪ್ಪನಿಗೆ ಮಾತ್ರ ಒಂದು ಮಾತು ಹೇಳಿದರು: "ಕಾಯ್ದೆ ನಿನಗೆ ಕೇಸು ಬರೆಯಲು ಹೇಳಿದೆ, ಹವಾ ಬಿಡಲು ಹೇಳಿಲ್ಲ. ಇನ್ನೊಮ್ಮೆ ಇಂಥದ್ದು ಕೇಳಿದರೆ ಗಡಿಗೆಯ ಬೆಲೆ ನಿನ್ನ ಪಗಾರಿನಲ್ಲಿ ಹಿಡಿಸುತ್ತೇನೆ." ನಾನು ಮೂರು ದಿನ ಓದಿ ಕೇಳಬೇಕೆಂದುಕೊಂಡದ್ದನ್ನು ಅವರು ಪುಕ್ಕಟೆಯಾಗಿ ಹೇಳಿ ಮುಂದಿನ ಕೇಸು ಕರೆದರು.

ಸಂಗವ್ವ ಬಾಗಿಲಲ್ಲಿ ನಿಂತಿದ್ದಳು. ದಂಡ ಹಾಕಿಸಿಕೊಂಡ ಗಂಡನ ಹೆಂಡತಿಯ ಮುಖ ಹಾಗಿರುವುದನ್ನು ನಾನು ಮತ್ತೆಂದೂ ನೋಡಲಿಲ್ಲ. ಅಷ್ಟು ಖುಷಿ.

ನಿಜವಾದ ಆಪತ್ತು ಬಂದದ್ದು ಅಂಗಳದಲ್ಲಿ. ಉಳವಪ್ಪ ಬೇವಿನ ಮರದ ಹತ್ತಿರ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದ. ಎರಡೂ ಗಾಲಿಗೆ ಹವಾ ತುಂಬಿತ್ತು.

"ಐದರ ಗಾಡಿ ತಪ್ಪತೈತ್ರಿ," ಎಂದಳು ಸಂಗವ್ವ. "ಇವತ್ತ ಗಡಗೀನೂ ಇಲ್ಲ, ಹೊಟ್ಟಿನ ಚೀಲಾನೂ ಇಲ್ಲ. ನಾ ಹಿಂದ ಕುಂದರ್ತೀನಿ, ಸ್ಟೇಶನ್ ತನಕ ಜೋರ ಹೊಡೀರಿ."

"ಏ, ಪೊಲೀಸರು..."

"ದಂಡಾ ಕಟ್ಟಿ ಬಂದೇವಲ್ಲ, ಇನ್ನ ಯಾ ಪೊಲೀಸರ ಅಂಜಿಕಿ!"

ಹೇಳಿದವಳೇ ಬುತ್ತಿಯ ಗಂಟನ್ನು ಎದೆಗವಚಿ ಕ್ಯಾರಿಯರ್ ಮೇಲೆ ಕೂತೇ ಬಿಟ್ಟಳು. ಉಳವಪ್ಪ ಸೈಕಲ್ಲಿನ ಎಡಬದಿಗೆ ನಿಂತು ಒಂದು ಕಾಲನ್ನು ಪೆಡಲ್ ಮೇಲೆ ಇಟ್ಟ. ತೆಗೆದ. ಮತ್ತೆ ಇಟ್ಟ. ಆಮೇಲೆ ನನ್ನ ಕಡೆ ನೋಡಿದ. ಆ ನೋಟ ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಏನಾದರೂ ಹೇಳಿ ಇವನನ್ನು ಪಾರು ಮಾಡಬೇಕು ಎಂದು ತಡಬಡಿಸಿದೆ. ಕಟ್ಟೆಯ ಮೇಲೆ ಕೂತಿದ್ದ ಹತ್ತಾರು ಕಕ್ಷಿದಾರರು, ಜೋರು ಸವಾರನನ್ನು ನೋಡಲು ಕತ್ತು ಚಾಚಿದ್ದರು.

ಅಷ್ಟರಲ್ಲಿ ಸೀಟಿ ಊದಿತು.

"ಏ ಗಡಗಿಯಪ್ಪ!" ಮೆಟ್ಟಿಲಿಳಿದು ಭರಮಪ್ಪ ಓಡಿ ಬಂದ. "ಕೋರ್ಟಿನ ಮುಂದ ಡಬಲ್ ಸೀಟ್? ಇನ್ನೊಂದ ಕೇಸ್ ಬರೀಲೇನ? ಇಳೀರಿ ಬಾಯಾರ, ಇಳೀರಿ!"

ಸಂಗವ್ವ ಇಳಿದಳು. "ಬರೇ ಗೇಟ್ ದಾಟೂತನಕ ಬಿಡ್ರಿ," ಎಂದಳು.

"ಗೇಟ್ ದಾಟಿದ್ರೂ ಇಲ್ಲ. ಸ್ಟೇಶನ್ ತನಕ ಕೈಯಾಗ ಹಿಡಕೊಂಡ ನಡೀಬೇಕು. ಇವ ಭಾಳ ಜೋರ ಹೊಡಿಯಾಂವ, ಇವನ ಮ್ಯಾಲೆ ನನ್ನ ಕಣ್ಣೈತಿ."

"ಹತ್ತಿದ್ರೂ ಹಿಡೀತೀರಿ, ನಡದ್ರೂ ಹಿಡೀತೀರಿ. ನಿಮ್ಮ ಕೈಗೆ ಹುಳಾ ಬೀಳ್ಲಿ," ಎಂದು ಸಂಗವ್ವ ಶಾಪ ಹಾಕಿದಳು. ಉಳವಪ್ಪ ಮಾತ್ರ ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿ ಪೊಲೀಸನಿಗೆ ನಮಸ್ಕಾರ ಮಾಡಿದ. ಸೈಕಲ್ಲು ಬೀಳುವುದರಲ್ಲಿತ್ತು, ಭರಮಪ್ಪನೇ ಹಿಡಿದುಕೊಂಡ.

ಅವರಿಬ್ಬರೂ ಸೈಕಲ್ಲನ್ನು ನಡುವೆ ಇಟ್ಟುಕೊಂಡು ಗೇಟು ದಾಟಿದರು. ಅವಳು ಏನೋ ಹೇಳುತ್ತಿದ್ದಳು, ಅವನು ತಲೆ ಅಲ್ಲಾಡಿಸುತ್ತಿದ್ದ.

"ನಿಮಗ ಹೆಂಗ ಗೊತ್ತಾತ್ರಿ?" ಎಂದು ಭರಮಪ್ಪನನ್ನು ಕೇಳಿದೆ.

"ಬಲಗಾಲ ಪೆಡಲ್ ಮ್ಯಾಲ ಇಟ್ಟಿದ್ದ್ರಿ ವಕೀಲರ. ಆ ಕಡಿಂದ ಹತ್ತಾವ್ರು ಎಡಗಾಲ ಇಡ್ತಾರ. ಇಷ್ಟ ವರ್ಷ ಸೈಕಲ್ ಹಿಡದೀನಿ, ಅಷ್ಟ ತಿಳ್ಯಾಂಗಿಲ್ಲೇನ್ರಿ?" ಎಂದವನು ಗೇಟಿನ ಕಡೆ ನೋಡುತ್ತ, "ಮುಂಜಾನೆ ಹವಾ ನಾನ ಹೊಡದೀನ್ರಿ. ಹನ್ನೊಂದ ಗಡಗಿ ಒಡದ್ವು, ಪಾಪ," ಎಂದ. ಆ ದಿನ ನಾನು ಮೊದಲ ಸಲ ಒಬ್ಬ ಪೊಲೀಸನ ಜೊತೆ ಚಹಾ ಕುಡಿದೆ.

ಉಳವಪ್ಪ ೧೯೮೭ರ ಮಳೆಗಾಲದಲ್ಲಿ ತೀರಿಕೊಂಡ. ಎರಡು ತಿಂಗಳ ಮೇಲೆ ಖಾನಾಪುರದ ಕೋರ್ಟಿಗೆ ಹೋದಾಗ ಅವನ ಮನೆ ಹುಡುಕಿಕೊಂಡು ಹೋದೆ. ಸಂಗವ್ವ ಕಂಬಳಿ ಹಾಸಿ ಕೂರಿಸಿದಳು. ಗೋಡೆಗೆ ಬಸವಣ್ಣನವರ ಫೋಟೋ, ಅದರ ಕೆಳಗೆ ಮೊಳೆಗೆ ಚುಚ್ಚಿದ ಹಳದಿಯಾದ ಕಾಗದ. ದಂಡ ಕಟ್ಟಿದ್ದಕ್ಕೆ ಕೋರ್ಟು ಕೊಟ್ಟ ಪಾವತಿ. ಸೈಕಲ್ಲು ಮೂಲೆಯಲ್ಲಿತ್ತು, ಎಣ್ಣೆ ಹಾಕಿ ಒರೆಸಿದ್ದಳು.

"ಅದನ್ನ ಒಂದ ಸಲ ಓದ್ರಿ ವಕೀಲರ. ನನಗ ಓದಾಕ ಬರಂಗಿಲ್ಲ."

ನಾನು ಎದ್ದು ನಿಂತು ಓದಿದೆ. 'ಸೈಕಲ್ ಸವಾರಿ ಮಾಡುತ್ತ' ಎಂಬಲ್ಲಿ ಅವಳು ಕೈ ಎತ್ತಿ ತಡೆದಳು. ಮತ್ತೊಮ್ಮೆ ಓದಿಸಿದಳು.

"ಅವರ ಹಿಂದ ಕುಂತ ಒಂದ ಸಲ ಬೀಡಿಗೆ ಹೋಗಬೇಕಂತ ಭಾಳ ಆಶಾ ಇತ್ರಿ. ಕಡೀತನಕ ಆಗಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಸುಡಗಾಡ ಪೊಲೀಸರು ಬಿಡಲಿಲ್ಲ ನೋಡ್ರಿ."

"ಹೌದವ್ವ," ಎಂದೆ. "ಪೊಲೀಸರು ಭಾಳ ಕೆಟ್ಟವರು."